ವಾರದ ದೀರ್ಘ ಓಟದ ವೇಗದ ಕುರಿತು

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ಮ್ಯಾರಥಾನ್ ಸಿದ್ಧತೆಯಲ್ಲಿರುವ ನಮ್ಮಲ್ಲಿ ಹಲವರು ವಾರದ ದೀರ್ಘ ಓಟವನ್ನು ಬೇಕಾದುದಕ್ಕಿಂತ ವೇಗವಾಗಿ ಓಡುತ್ತಿರುವುದು ಇಲ್ಲಿ ಹಂಚಿಕೊಂಡ ದಾಖಲೆಗಳಲ್ಲಿ ಕಂಡುಬಂದಿರುವುದರಿಂದ ಈ ಸೂಚನೆ ಬರೆಯುತ್ತಿದ್ದೇನೆ. 42.195 ಕಿಲೋಮೀಟರ್ ದೂರವನ್ನು ನಾಲ್ಕು ಗಂಟೆಯಲ್ಲಿ ಮುಗಿಸಲು ಕಿಲೋಮೀಟರಿಗೆ ಸುಮಾರು 5 ನಿಮಿಷ 41 ಸೆಕೆಂಡಿನ ವೇಗ ಸಾಕು. ಆ ಗುರಿ ಇಟ್ಟುಕೊಂಡವರು ದೀರ್ಘ ಓಟದಲ್ಲಿ ಕಿಲೋಮೀಟರಿಗೆ ಆರೂವರೆಯಿಂದ ಏಳು ನಿಮಿಷ ತೆಗೆದುಕೊಂಡರೆ ಏನೂ ತಪ್ಪಿಲ್ಲ.

ಈ ನಿಧಾನಗತಿಯಲ್ಲಿ ದೇಹವು ಕೊಬ್ಬನ್ನು ಹೆಚ್ಚಾಗಿ ಇಂಧನವಾಗಿ ಬಳಸಲು ಕಲಿಯುತ್ತದೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಮೂಳೆ ಮತ್ತು ಸ್ನಾಯುರಜ್ಜುಗಳು ಹೊರೆಗೆ ಕ್ರಮೇಣ ಹೊಂದಿಕೊಳ್ಳುತ್ತವೆ. ವೇಗ ಹೆಚ್ಚಿಸಿದರೆ ಸಿಗುವುದು ಮುಖ್ಯವಾಗಿ ದಣಿವು, ಅದು ಮುಂದಿನ ಎರಡು ಮೂರು ದಿನಗಳ ಅಭ್ಯಾಸವನ್ನೂ ಕೆಡಿಸುತ್ತದೆ.

ಎಡವುವುದು ಬಹುತೇಕ ಮೊದಲ ಮೂರು ಕಿಲೋಮೀಟರಿನಲ್ಲೇ. ಕಾಲು ಹಗುರವಾಗಿರುತ್ತದೆ, ಗಡಿಯಾರದಲ್ಲಿ ವೇಗ ಕಿಲೋಮೀಟರಿಗೆ 5 ನಿಮಿಷ 50 ಸೆಕೆಂಡ್ ಎಂದು ಕಂಡರೂ ಉಸಿರು ಏರಿರುವುದಿಲ್ಲ, ‘ಇಂದು ಚೆನ್ನಾಗಿದೆ’ ಎನಿಸುತ್ತದೆ. ಆ ಲೆಕ್ಕ ಚುಕ್ತಾ ಆಗುವುದು ಇಪ್ಪತ್ತೈದನೆಯ ಕಿಲೋಮೀಟರಿನಲ್ಲಿ. (ನಾನೂ ಇದನ್ನು ಒಂದಕ್ಕಿಂತ ಹೆಚ್ಚು ಸಲ ಮಾಡಿದ್ದೇನೆ.) ಪಕ್ಕದವರೊಡನೆ ತಡವರಿಸದೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಆಗುತ್ತಿದೆಯೇ ಎಂಬುದೇ, ಗಡಿಯಾರಕ್ಕಿಂತ, ನಂಬಬಹುದಾದ ಪರೀಕ್ಷೆ.

ಬಿಸಿಲಿನಲ್ಲಿ ಹಾಗೂ ಓಟದ ಕೊನೆಯ ಭಾಗದಲ್ಲಿ ವೇಗ ಬದಲಾಗದಿದ್ದರೂ ಹೃದಯಬಡಿತ ಮೆಲ್ಲನೆ ಏರುವುದು ಸಹಜವಾದ್ದರಿಂದ, ಆಗ ಸಂಖ್ಯೆಗೆ ಅಂಟಿಕೊಳ್ಳದೆ ವೇಗವನ್ನು ಇನ್ನಷ್ಟು ಇಳಿಸಬೇಕಾಗಿ ವಿನಂತಿ.