ಪುಸ್ತಕ ಮುಗಿಯಿತು, ಅತ್ತಿಗೆಗೆ ಎರಡು ಮಾತು

ನಿನ್ನೆ ಸಂಜೆ ಕೊನೆಯ ಪ್ರೂಫ್ ಪ್ರೆಸ್ಸಿಗೆ ಹೋಯಿತು. ಮದುವೆಯಾಗುತ್ತೇನೆ ಅಂತ ನಂಬಿಸಿ ಹೆಂಗಸರನ್ನು ಸಯನೈಡ್ ಕೊಟ್ಟು ಕೊಂದ ಸಯನೈಡ್ ಮೋಹನ್ ಪ್ರಕರಣದ ಪುಸ್ತಕ ಅಂತೂ ಮುಗಿಯಿತು. ನಡುವೆ ಎಷ್ಟು ಸಲ ಕೈಬಿಟ್ಟೆ, ಯಾಕೆ ಕೈಬಿಟ್ಟೆ ಅನ್ನೋದು ನಿಮಗೆಲ್ಲ ಗೊತ್ತೇ ಇದೆ, ಆ ಪುರಾಣ ಮತ್ತೆ ಬೇಡ. "ಬರೆಯೋಕೆ ಬೇರೆ ವಿಷಯವೇ ಸಿಗಲಿಲ್ವಾ" ಅಂತ ಕೇಳಿದವರ ಮೇಲೂ ಇವತ್ತು ಸಿಟ್ಟಿಲ್ಲ.

ತೀರ್ಪಿನ ಭಾಷೆಯನ್ನು ಬಿಡಿಸಿ ಹೇಳಿದ ವಕೀಲ ಗೆಳತಿ, 2009ರ ಪತ್ರಿಕೆಗಳ ಕಟ್ಟನ್ನು ಧೂಳು ಕೊಡವಿ ತಂದುಕೊಟ್ಟ ಲೈಬ್ರರಿಯ ಮೇಡಂ, ತುಳು ಮಾತುಗಳನ್ನು ತಿದ್ದಿಕೊಟ್ಟ ಸ್ನೇಹಿತ, ಕಾಗುಣಿತ ನೋಡಿದ ಮೇಷ್ಟ್ರು, ಎಲ್ಲರಿಗೂ ಥ್ಯಾಂಕ್ಸ್. ಸಯನೈಡ್ ಉಸಿರು ಕಟ್ಟಿಸುತ್ತದೆ ಅಂದುಕೊಂಡಿದ್ದ ನನಗೆ, ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶಗಳು ಅದನ್ನು ಬಳಸದ ಹಾಗೆ ಮಾಡಿಬಿಡುತ್ತದೆ ಅಂತ ಚಿತ್ರ ಬರೆದು ತೋರಿಸಿದ ಕೆಮಿಸ್ಟ್ರಿ ಸರ್‌ಗೂ. ಸಯನೈಡ್ ಮಲ್ಲಿಕಾ ಬಗ್ಗೆ ಕಟಿಂಗ್ ಕಳಿಸುತ್ತಲೇ ಇದ್ದವರಿಗೂ ಥ್ಯಾಂಕ್ಸ್, ಆದರೆ ಆಕೆ ಸಯನೈಡ್ ಕೊಟ್ಟು ಕೊಂದ ಇನ್ನೊಬ್ಬಳು, ಬೇರೆಯೇ ಕೇಸು ಕಣ್ರಪ್ಪಾ. ಮೋಹನ್ ಸಿಗುವ ಮೊದಲೇ, 2007ರ ಕೊನೆಯಲ್ಲಿ ಸಿಕ್ಕಿಬಿದ್ದವಳು.

ಉಳಿದಿದ್ದೆಲ್ಲ ಅತ್ತಿಗೆಗೆ.

ಆ ರಾತ್ರಿ ನಾನು ಚಿಲಕದ ಬಗ್ಗೆ ಬರೆಯುತ್ತಿದ್ದೆ. ಮೋಹನ್ ದಕ್ಷಿಣ ಕನ್ನಡದ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿದವನು. ಬಡವರ ಮನೆಯ ಹುಡುಗಿಯರ ಸ್ನೇಹ ಮಾಡಿ, ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಅನ್ನುತ್ತಿದ್ದ. ದೂರದ ಊರಿಗೆ ಕರೆದುಕೊಂಡು ಹೋಗಿ ಲಾಡ್ಜಿನಲ್ಲಿ ಉಳಿಯುತ್ತಿದ್ದ. ಬೆಳಿಗ್ಗೆ ಒಡವೆ ರೂಮಿನಲ್ಲೇ ಬಿಡಿಸಿ ಬಸ್ ಸ್ಟ್ಯಾಂಡಿಗೆ ಕರೆತರುತ್ತಿದ್ದ. ಗರ್ಭ ನಿಲ್ಲದಿರಲಿ ಅಂತ ಹೇಳಿ ಒಂದು ಗುಳಿಗೆ ಕೊಡುತ್ತಿದ್ದ, ಅದರಲ್ಲಿ ಇದ್ದದ್ದು ಸಯನೈಡ್. ವಾಂತಿ ಬರಬಹುದು, ಟಾಯ್ಲೆಟ್ಟಿಗೆ ಹೋಗಿ ತಗೋ ಅನ್ನುತ್ತಿದ್ದ. ಒಳಗೆ ಹೋದವಳು ಚಿಲಕ ಹಾಕಿಕೊಳ್ಳುತ್ತಿದ್ದಳು. ಯಾರಾದರೂ ಹಾಕಿಕೊಳ್ಳುತ್ತಾರೆ, ಅಲ್ವಾ? ಅವನು ಲಾಡ್ಜಿಗೆ ವಾಪಸ್ ಹೋಗಿ ಬಂಗಾರ ತೆಗೆದುಕೊಂಡು ಬಸ್ ಹತ್ತುತ್ತಿದ್ದ.

ಒಳಗಿನಿಂದ ಚಿಲಕ ಹಾಕಿದ ಬಾಗಿಲು. ಹೊರಗಿನವರಿಗೆ ಕಂಡದ್ದು ಅಷ್ಟೇ. ಹೆಸರು ಗೊತ್ತಿಲ್ಲದ ಹೆಂಗಸು, ಅಸಹಜ ಸಾವು, ಒಂದು ಫೈಲು. ಮೈಸೂರಿನಲ್ಲಿ, ಮಡಿಕೇರಿಯಲ್ಲಿ, ಹಾಸನದಲ್ಲಿ, ಬೆಂಗಳೂರಿನಲ್ಲಿ ಬೇರೆ ಬೇರೆ ಫೈಲು. ಹೀಗೆ 20 ಜನ. ಆ ವರ್ಷಗಳಲ್ಲಿ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನೂ ದಿನಾ ಓಡಾಡಿಕೊಂಡಿದ್ದೆ.

ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೋದೆ. ಚಿಲಕಕ್ಕೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟೆ. ಹಾಕೋಕೂ ಆಗಲಿಲ್ಲ, ಕೈ ತೆಗೆಯೋಕೂ ಆಗಲಿಲ್ಲ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಿಗೆಗೆ ಫೋನ್ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಎರಡು ಬೀದಿ ಆಚೆಯಿಂದ ಅಣ್ಣ ಸ್ಕೂಟರಿನಲ್ಲಿ ತಂದು ಬಿಟ್ಟುಹೋದ. ಅತ್ತಿಗೆ ಸ್ವೆಟರ್ ಉಲ್ಟಾ ಹಾಕಿಕೊಂಡು ಬಂದಿದ್ದರು. ಬುದ್ಧಿ ಹೇಳಲಿಲ್ಲ. ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತು, "ಚಿಲಕ ಹಾಕ್ಬೇಡ, ಮುಖ ತೊಳ್ಕೊ. ನಾನು ಇಲ್ಲೇ ಇದೀನಿ" ಅಂದರು.

ಆಮೇಲೆ ನನ್ನನ್ನು ಮಲಗಿಸಿ ಬರೆದಿದ್ದಷ್ಟನ್ನೂ ಓದೋಕೆ ಕೂತರು. ಬೆಳಿಗ್ಗೆ ಎದ್ದು ನೋಡಿದರೆ ಇನ್ನೂ ಓದುತ್ತಿದ್ದಾರೆ. ಕೈಯಲ್ಲಿ ಪುಟ್ಟನ ಸ್ಕೂಲ್ ಪೆನ್ಸಿಲ್, ತುದಿ ಕಚ್ಚಿದ್ದು. ಬೇರೆಲ್ಲೂ ಗುರುತಿಲ್ಲ, ಒಂದೇ ಪದದ ಸುತ್ತ ಸೊನ್ನೆ: "ಓಡಿಹೋದಳು." ನಾನು ಅದನ್ನು ಹನ್ನೊಂದು ಸಲ ಬರೆದಿದ್ದೆ. ಇನ್ನೊಂದು ಕಡೆ, "ಇವರೆಲ್ಲ ಇವನನ್ನು ಹೇಗೆ ನಂಬಿದರು?" ಅಂತ ಒಂದು ಸಾಲು. ಅದರ ಪಕ್ಕ ಏನೂ ಬರೆದಿರಲಿಲ್ಲ. ಬಾಯಲ್ಲೇ ಹೇಳಿದರು.

"ನಾನೂ ಹೋಗ್ತಿದ್ದೆ ಕಣೇ."

ಅತ್ತಿಗೆಯನ್ನು ನೋಡೋಕೆ ಅಣ್ಣನಿಗಿಂತ ಮೊದಲು ಒಂಬತ್ತು ಗಂಡುಗಳು ಬಂದಿದ್ದರಂತೆ. ಉಪ್ಪಿಟ್ಟು ತಿಂದು, ಬಂಗಾರ ಎಷ್ಟು ಹಾಕ್ತೀರಿ ಅಂತ ಕೇಳಿ, ಊರಿಗೆ ಹೋಗಿ ತಿಳಿಸ್ತೀವಿ ಅಂದವರು. "ಎಂಟನೆಯವನು ಹೋದ ದಿನ ಅಪ್ಪ ಊಟ ಮಾಡಲಿಲ್ಲ. ಆವತ್ತು ಒಬ್ಬ ಮೇಷ್ಟ್ರು ಬಂದು ನೀನೊಬ್ಬಳು ಬಂದರೆ ಸಾಕು ಅಂದಿದ್ದರೆ, ಚಪ್ಪಲಿ ಹಾಕ್ಕೊಂಡು ಹೊರಡ್ತಿದ್ದೆ." ಹದಿನಾಲ್ಕು ವರ್ಷದಿಂದ ಒಟ್ಟಿಗೆ ಹಬ್ಬ ಮಾಡಿದ್ದೇವೆ, ನನಗೆ ಇದು ಗೊತ್ತಿರಲಿಲ್ಲ. ಇಲ್ಲಿ ಬರೆಯೋಕೆ ಅವರೇ ಹೂಂ ಅಂದಿದ್ದಾರೆ.

ಪುಸ್ತಕ ತಿರುಗಿದ್ದು ಅಲ್ಲಿ. ಅವನು ವರ್ಷಗಟ್ಟಲೆ ಸಿಗದೆ ಇದ್ದದ್ದು ಅವನ ಜಾಣತನದಿಂದ ಅಂತ ಬರೆದಿದ್ದೆ. ಅರ್ಧ ಕೆಲಸವನ್ನು ಆ ಪದವೇ ಮಾಡಿಕೊಟ್ಟಿತ್ತು. ಹುಡುಗಿ ಓಡಿಹೋದಳು ಅಂದಮೇಲೆ ಹುಡುಕೋದು ಯಾಕೆ? ಎಷ್ಟೋ ಮನೆಯವರು ದೂರು ಕೊಡೋಕೇ ಹೋಗಿರಲಿಲ್ಲ. 2009ರಲ್ಲಿ ಬಂಟ್ವಾಳ ಕಡೆಯ ಒಂದು ಹುಡುಗಿ ಕಾಣೆಯಾದಾಗ ಮಾತ್ರ ಜನ ಗಲಾಟೆ ಎಬ್ಬಿಸಿದರು. ಅದೂ ತಪ್ಪು ಕಾರಣಕ್ಕೆ, ಬೇರೆ ಧರ್ಮದ ಹುಡುಗನ ಜೊತೆ ಹೋಗಿದ್ದಾಳೆ ಅನ್ನೋ ಅನುಮಾನದಿಂದ. ಅಲ್ಲಿಂದ ಪೊಲೀಸರು ಫೋನ್ ಕರೆಗಳ ಜಾಡು ಹಿಡಿದರು. ಹೋಗಿ ನೋಡಿದರೆ ಕಾಣೆಯಾದ ಇನ್ನೊಬ್ಬಳ ನಂಬರು. ಅಕ್ಟೋಬರ್‌ನಲ್ಲಿ ಅವನು ಸಿಕ್ಕ. ಕೋರ್ಟಿನಲ್ಲಿ ತನ್ನ ಪರವಾಗಿ ತಾನೇ ವಾದ ಮಾಡಿದ. 2013ರ ಡಿಸೆಂಬರ್‌ನಲ್ಲಿ ಗಲ್ಲು ಶಿಕ್ಷೆ ಬಂತು, ಇಪ್ಪತ್ತನೆಯ ಪ್ರಕರಣದ ತೀರ್ಪು ಬರುವಾಗ 2020ರ ಜೂನ್.

ಆ ಹನ್ನೊಂದು ಜಾಗಗಳಲ್ಲೂ ಈಗ "ಹೊರಟಳು" ಅಂತ ಇದೆ. ಆ ಪ್ರಶ್ನೆಯ ಸಾಲು ತೆಗೆದುಹಾಕಿದೆ.

ಅರ್ಪಣೆಯ ಪುಟದಲ್ಲಿ ಅತ್ತಿಗೆಯ ಹೆಸರು ಹಾಕ್ತೀನಿ ಅಂದೆ. "ಅಂಥ ಪುಸ್ತಕದ ಮೇಲೆ ನನ್ನ ಹೆಸರು ಯಾಕೆ, ಸುಮ್ನಿರು" ಅಂದರು. ಸರಿ, ಹಾಕಿಲ್ಲ. ಇಲ್ಲೂ ಹಾಕಿಲ್ಲ.

ಪುಟ್ಟ ಮಾರನೇ ದಿನವೇ ಪೆನ್ಸಿಲ್ ಕೇಳಿದ. ಹೊಸದೊಂದು ಡಬ್ಬಿಯನ್ನೇ ಕೊಡಿಸಿದ್ದೇನೆ. ಹಳೇದು ನನ್ನ ಹತ್ತಿರವೇ ಇದೆ, ಅದನ್ನ ಮಾತ್ರ ಕೇಳಬೇಡ ಕಂದ.