ಬಿಟ್ಟಿಯಾಗಿ ಸಿಗುವುದೆಲ್ಲ ಕದ್ದ ಮಾಲಲ್ಲ

ಮಾನ್ಯ ಸಂಪಾದಕರೇ,

ಪುಸ್ತಕಗಳ ಕಳ್ಳ ಪಿಡಿಎಫ್ ಬಗ್ಗೆ ಲೇಖಕರೊಬ್ಬರು ಬರೆದ ಪತ್ರ ಕಳೆದ ವಾರ ನಿಮ್ಮಲ್ಲಿ ಬಂದಿತ್ತು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಕೂತು ಬರೆದ ಪುಸ್ತಕ ಬಿಡುಗಡೆಯಾದ ಕೂಡಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗಿದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಆದರೆ ಕೊನೆಗೆ ಅವರು ಇನ್ನೊಂದು ಮಾತು ಸೇರಿಸಿದ್ದರು. ದುಡ್ಡು ಕೊಡದೆ ಸಾಫ್ಟ್‌ವೇರ್ ಬಳಸುವವರು, ದುಡ್ಡು ಕೊಡದೆ ಪುಸ್ತಕ ಓದುವವರು, ಓದುವ ಹಕ್ಕು ಎಂದು ಮಾತಾಡುವವರು ಎಲ್ಲರೂ ಒಂದೇ ಸಾಲಿನ ಕಳ್ಳರು ಎಂದು. ಆ ಸಾಲಿನಲ್ಲಿ ನಾನೂ ಬಂದೆ. ಅದಕ್ಕೇ ಈ ಪತ್ರ.

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಆ ಪತ್ರವನ್ನು ನಿಮ್ಮ ಜಾಲತಾಣದಿಂದ ನನಗೆ ಓದಿ ಹೇಳಿದ್ದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಬರಹವನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರ್. ನಾನು ಅದಕ್ಕೆ ದುಡ್ಡು ಕೊಟ್ಟಿಲ್ಲ. ಕದ್ದೂ ಇಲ್ಲ. 2006ರಲ್ಲಿ ಅದನ್ನು ಬರೆಯಲು ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರಿಗೂ ಕಣ್ಣು ಕಾಣುವುದಿಲ್ಲ. ಆಗ ಸಿಗುತ್ತಿದ್ದ ಒಳ್ಳೆಯ ಸ್ಕ್ರೀನ್ ರೀಡರ್‌ಗಳ ಬೆಲೆ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ತಾವು ಬರೆದದ್ದನ್ನು ಅವರು, ಮುಂದೆ ಜೊತೆಗೂಡಿದ ಜೇಮ್ಸ್ ಟೇ ಇಬ್ಬರೂ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಯಾರು ಬೇಕಾದರೂ ಬಳಸಬಹುದು, ಒಳಗೆ ಏನಿದೆ ಎಂದು ನೋಡಬಹುದು, ತಿದ್ದಬಹುದು, ಹಂಚಬಹುದು. ಬರೆದವರೇ ಒಪ್ಪಿ ಕೊಟ್ಟಿದ್ದನ್ನು ತೆಗೆದುಕೊಳ್ಳುವುದು ಕಳವು ಹೇಗಾಗುತ್ತದೆ?

ಇನ್ನೊಂದು ವಿಷಯ ಆ ಲೇಖಕರಿಗೆ ತಿಳಿಯಬೇಕು. ಜಿಪಿಎಲ್ ನಿಂತಿರುವುದೇ ಕೃತಿಸ್ವಾಮ್ಯದ ಕಾನೂನಿನ ಮೇಲೆ. ಯಾರಾದರೂ ಎನ್‌ವಿಡಿಎಯನ್ನು ಒಂದಿಷ್ಟು ಬದಲಿಸಿ, ಒಳಗಿನ ಕೋಡ್ ಮುಚ್ಚಿಟ್ಟು ಮಾರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ, ನ್ಯಾಯಾಲಯಕ್ಕೆ ಹೋಗಬಹುದು. ಬರೆದವರ ಮಾತಿಗೆ ಬೆಲೆ ಕೊಡುವುದರಲ್ಲಿ ಹೀಗೆ ಮುಕ್ತವಾಗಿ ಸಾಫ್ಟ್‌ವೇರ್ ಹಂಚುವ ಜನ ಯಾರಿಗೂ ಕಡಿಮೆ ಇಲ್ಲ.

ದುಡ್ಡಿನ ಉಳಿತಾಯಕ್ಕಿಂತ ನನಗೆ ಮುಖ್ಯವಾದದ್ದು ಬೇರೆ. ಎನ್‌ವಿಡಿಎ ಜೊತೆಗೇ ಇಸ್ಪೀಕ್ ಎಂಬ ದನಿ ಬರುತ್ತದೆ. ಅದು ಕನ್ನಡ ಓದುತ್ತದೆ. ಇಂಪಾದ ದನಿಯೇನಲ್ಲ, ಯಂತ್ರದ ದನಿಯೇ. ಆದರೆ ಯಾವ ಅಕ್ಷರವನ್ನು ಹೇಗೆ ಉಚ್ಚರಿಸಬೇಕು ಎಂಬ ನಿಯಮಗಳು ಅದರಲ್ಲಿ ಒಂದು ಸಾದಾ ಫೈಲಿನಲ್ಲಿ ಬರೆದಿಟ್ಟಿವೆ. ಕನ್ನಡ ಚೆನ್ನಾಗಿ ಬಲ್ಲ ಯಾರಾದರೂ ತೆರೆದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಮುಚ್ಚಿದ ಸಾಫ್ಟ್‌ವೇರ್‌ನಲ್ಲಿ ಇದು ಸಾಧ್ಯವಿಲ್ಲ. ಕನ್ನಡದವರು ಕಡಿಮೆ, ಲಾಭವಿಲ್ಲ ಎಂದು ಕಂಪನಿ ತೀರ್ಮಾನಿಸಿದರೆ ನಾವು ಕಾಯುತ್ತಾ ಕೂರಬೇಕು, ಅಷ್ಟೇ. ಒಂದು ಕಾಲದಲ್ಲಿ ನನ್ನ ಗೆಳೆಯರಲ್ಲಿ ಕೆಲವರು ದುಬಾರಿ ಸಾಫ್ಟ್‌ವೇರ್‌ನ ಕ್ರ್ಯಾಕ್ ಮಾಡಿದ ಪ್ರತಿ ಹಾಕಿಕೊಂಡಿದ್ದರು. ನಾನು ಅದನ್ನು ಸಮರ್ಥಿಸುವುದಿಲ್ಲ. ಅವರು ಅದನ್ನು ಬಿಟ್ಟದ್ದು ಪೊಲೀಸರಿಗೆ ಹೆದರಿ ಅಲ್ಲ, ಎನ್‌ವಿಡಿಎ ಚೆನ್ನಾಗಿ ಕೆಲಸ ಮಾಡತೊಡಗಿದ ಮೇಲೆ.

ಇನ್ನು ಪುಸ್ತಕದ ವಿಷಯ. ನಾನು ಕನ್ನಡ ಪುಸ್ತಕ ಕೊಳ್ಳುತ್ತೇನೆ. ಕೊಂಡ ಪುಸ್ತಕವನ್ನು ನನ್ನಷ್ಟಕ್ಕೆ ನಾನು ಓದಲಾರೆ. ತಂಗಿ ಬಿಡುವು ಮಾಡಿಕೊಂಡು ಒಂದೊಂದೇ ಪುಟ ಸ್ಕ್ಯಾನ್ ಮಾಡುತ್ತಾಳೆ. ಟೆಸರಾಕ್ಟ್ ಎಂಬ ತಂತ್ರಾಂಶ (ಅದೂ ಮುಕ್ತವೇ) ಆ ಚಿತ್ರದಿಂದ ಅಕ್ಷರ ಹೆಕ್ಕಿ ಕೊಡುತ್ತದೆ. ಒತ್ತಕ್ಷರಗಳು ತಪ್ಪಿಹೋಗಿರುತ್ತವೆ, ಅವನ್ನು ಊಹಿಸಿಕೊಂಡು ಓದಬೇಕು. ನಾವಿಬ್ಬರೂ ಮಾಡುತ್ತಿರುವುದು ಕಾನೂನಿಗೆ ಒಪ್ಪಿತವಾದ ಕೆಲಸ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದಾಗ, ಅಂಗವಿಕಲರು ಓದಲು ಆಗುವ ರೂಪಕ್ಕೆ ಪುಸ್ತಕವನ್ನು ಬದಲಿಸಿಕೊಳ್ಳುವುದು ಉಲ್ಲಂಘನೆಯಲ್ಲ ಎಂದು 52ನೇ ಸೆಕ್ಷನ್‌ನಲ್ಲಿ ಸೇರಿಸಿದರು. ಲೇಖಕರ ಭಯವನ್ನೂ ಆ ಕಾನೂನು ಮರೆತಿಲ್ಲ. ಹೀಗೆ ಪ್ರತಿ ಮಾಡಿಕೊಡುವ ಸಂಸ್ಥೆಗಳು ಲಾಭಕ್ಕಾಗಿ ಮಾಡುವಂತಿಲ್ಲ, ಆ ಪ್ರತಿ ಮಾರುಕಟ್ಟೆಗೆ ಹೋಗದಂತೆ ನೋಡಿಕೊಳ್ಳಬೇಕು. ಇದೇ ಆಶಯದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ನಮ್ಮ ದೇಶವೇ.

ಪ್ರಕಾಶಕರು ಫೈಲ್ ಕೊಡಲೇಬೇಕು ಎಂದು ಮಾತ್ರ ಆ ಸೆಕ್ಷನ್ ಹೇಳುವುದಿಲ್ಲ. ಒಬ್ಬ ಪ್ರಕಾಶಕರಿಗೆ ಫೋನ್ ಮಾಡಿ, ‘ಪುಸ್ತಕ ಕೊಂಡಿದ್ದೇನೆ, ರಸೀದಿ ಕಳಿಸುತ್ತೇನೆ, ಫೈಲ್ ಕೊಡಿ’ ಎಂದು ಕೇಳಿದೆ. ‘ಪೈರಸಿ ಆಗುತ್ತೆ ಮೇಡಂ’ ಎಂದು ಇಟ್ಟುಬಿಟ್ಟರು. ಅವರ ಅದೇ ಪುಸ್ತಕದ ಕಳ್ಳ ಪಿಡಿಎಫ್ ಆಗಲೇ ಟೆಲಿಗ್ರಾಂನಲ್ಲಿತ್ತು. ಅದು ಕಣ್ಣಿದ್ದವರಿಗಷ್ಟೇ ಓದಲು ಬರುವ ಬರೀ ಚಿತ್ರಗಳ ಕಟ್ಟು. ಕಳ್ಳರು ತಡೆಯಿಲ್ಲದೆ ಓದಿದರು. ಕೊಂಡ ನನಗೆ ಓದಲಾಗಲಿಲ್ಲ.

ಇನ್ನೊಬ್ಬರು ದೊಡ್ಡ ಮನಸ್ಸು ಮಾಡಿ ಫೈಲ್ ಕಳಿಸಿದರು. ಖುಷಿಯಿಂದ ತೆರೆದೆ. ಎನ್‌ವಿಡಿಎ ‘ಪಿ’ ಎಂದಿತು, ‘ಪೌಂಡ್’ ಎಂದಿತು, ‘ಕ್ಯೂ’ ಎಂದಿತು. ಅದು ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ಪುಟ. ಕಣ್ಣಿಗೆ ‘ಕನ್ನಡ’ ಎಂದು ಕಾಣುವ ಪದದ ಒಳಗೆ ಇರುವುದು ಇಂಗ್ಲಿಷಿನ ಪಿ, ಬ್ರಿಟನ್ನಿನ ಪೌಂಡ್ ಗುರುತು, ಕ್ಯೂ ಮುಂತಾದವು. ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಬೇರೆ ದಾರಿ ಇಲ್ಲದಿದ್ದಾಗ ಹಾಗೆ ಮಾಡಿದರು. ಮಾಡಿದವರ ಮೇಲೆ ನನಗೆ ಗೌರವವಿದೆ, ಅವರಿಲ್ಲದಿದ್ದರೆ ಕನ್ನಡದ ಅಚ್ಚಿನ ಕೆಲಸ ಇಷ್ಟು ಬೇಗ ಕಂಪ್ಯೂಟರಿಗೆ ಬರುತ್ತಿರಲಿಲ್ಲ. ಆದರೆ ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ತಮ್ಮದೇ ಸಂಕೇತ ಕೊಡುವ, 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಇಂದಿಗೂ ಪುಸ್ತಕದ ಪುಟ ಜೋಡಿಸುವ ಡಿಟಿಪಿ ಕೆಲಸದಲ್ಲಿ ಹಳೆಯ ಪದ್ಧತಿ ಬಿಟ್ಟಿಲ್ಲ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ನಿಜ. ಹಾಕಿದರೆ ಅರ್ಕಾವೊತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ. ಆ ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟೆ.

ಕಳ್ಳ ಪ್ರತಿ ಇಡುವ ತಾಣಗಳನ್ನೆಲ್ಲ ಸಾರಾಸಗಟಾಗಿ ಮುಚ್ಚಿಸಬೇಕು ಎಂದೂ ಆ ಪತ್ರದಲ್ಲಿತ್ತು. ಹಾಗೆ ಮಾಡಿದರೆ ಏನಾಗುತ್ತದೆ ಎಂದು ಒಮ್ಮೆ ನೋಡಿದ್ದೇವೆ. 2017ರ ಆಗಸ್ಟ್‌ನಲ್ಲಿ ಸಿನಿಮಾ ನಕಲು ತಡೆಯಲು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದಡಿ 2,000ಕ್ಕೂ ಹೆಚ್ಚು ತಾಣಗಳನ್ನು ನಿರ್ಬಂಧಿಸಲಾಯಿತು. ಅದರಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯ ಕೂಡ ಸಿಕ್ಕಿಹಾಕಿಕೊಂಡಿತು. ಹಕ್ಕಿನ ಅವಧಿ ಮುಗಿದ ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ಇರುವುದು ಅಲ್ಲಿಯೇ ಅಲ್ವಾ? ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಕೃತಿ ಎಲ್ಲರದು. 1964ರಲ್ಲಿ ತೀರಿಕೊಂಡವರು ಪ್ರಕಟಿಸಿದ ಪುಸ್ತಕಗಳು 2025ರ ಜನವರಿ 1ರಿಂದ ನಮ್ಮೆಲ್ಲರವು. ಅವನ್ನು ಓದುವುದು, ಹಂಚುವುದು ಕಳವಲ್ಲ. ಮಾತಾಡುವ ಸ್ವಾತಂತ್ರ್ಯ ಎಂದರೆ ಕೇಳುವವರ, ಓದುವವರ ಸ್ವಾತಂತ್ರ್ಯವೂ ಹೌದು. ಯಾವ ಪುಟ ಕದ್ದದ್ದು, ಯಾವುದು ಅಲ್ಲ ಎಂದು ನೋಡದೆ ಇಡೀ ತಾಣಕ್ಕೆ ಬೀಗ ಹಾಕಿಸುವುದನ್ನು ಒಬ್ಬ ಲೇಖಕರೇ ಕೇಳಬಾರದಿತ್ತು.

ಪ್ರಕಾಶಕರಲ್ಲಿ ನನ್ನ ವಿನಂತಿ ಇಷ್ಟು. ಅಚ್ಚಿಗೆ ಕೊಡುವ ಮೊದಲು ಪುಸ್ತಕದ ಒಂದು ಯೂನಿಕೋಡ್ ಪ್ರತಿ ಉಳಿಸಿಕೊಳ್ಳಿ. ಕೊಂಡವರು ರಸೀದಿ ತೋರಿಸಿ ಕೇಳಿದರೆ ಕೊಡಿ. ಬೇಕಾದರೆ ಅದರಲ್ಲಿ ನನ್ನ ಹೆಸರು ಹಾಕಿಯೇ ಕೊಡಿ, ಹೊರಗೆ ಹೋದರೆ ನಾನೇ ಹೊಣೆ.

ಸಂಪಾದಕರಾದ ತಮ್ಮಲ್ಲೂ ಒಂದು ಕೇಳಿಕೆ. ದಿನದ ಸುದ್ದಿಗಳು ನಿಮ್ಮ ತಾಣದಲ್ಲಿ ಯೂನಿಕೋಡ್‌ನಲ್ಲಿ ಬರುತ್ತವೆ, ಓದಲು ಏನೂ ತೊಂದರೆಯಿಲ್ಲ. ಭಾನುವಾರದ ಪುರವಣಿಯ ಕತೆ, ಕವಿತೆಗಳು ಮಾತ್ರ ಇ-ಪೇಪರ್‌ನಲ್ಲಿ ಚಿತ್ರವಾಗಿ ಬರುತ್ತವೆ. ಚಂದಾ ಕಟ್ಟಿಯೂ ನನಗೆ ಅವು ಸಿಗುತ್ತಿಲ್ಲ. ಅವನ್ನೂ ಪಠ್ಯವಾಗಿ ಹಾಕಿ. ಬಂದ ವಾರವೇ ತರಗತಿಯಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕು ಎಂದು ನನಗೆ ಬಹಳ ಆಸೆಯಿದೆ.

ಇಂತಿ,
ಕನ್ನಡ ಉಪನ್ಯಾಸಕಿ