ಲಾ ಸ್ಕೂಲ್ ಪರೀಕ್ಷೆ ಡಿಸೆಂಬರ್‌ನಲ್ಲಿ, ನಮಗೆ ಗೊತ್ತಾಗುವುದು ಏಪ್ರಿಲ್‌ನಲ್ಲಿ

ಸಂಪಾದಕರಿಗೆ ನಮಸ್ಕಾರ,

2024ರ ಏಪ್ರಿಲ್. ದ್ವಿತೀಯ ಪಿಯು ಫಲಿತಾಂಶ ಬಂದ ಮಾರನೇ ದಿನ ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಅಪ್ಪನ ಜೊತೆ ಪೇಡೆ ಹಿಡಿದುಕೊಂಡು ಮನೆಗೆ ಬಂದಳು. ಕಲಾ ವಿಭಾಗ, 600ಕ್ಕೆ 578. ಅಪ್ಪ ಎರಡೂವರೆ ಎಕರೆಯಲ್ಲಿ ಗೋವಿನಜೋಳ ಬೆಳೆಯುವವರು. ಪೇಡೆ ಕೊಟ್ಟು, ನೀರು ಕುಡಿದು, ಆಮೇಲೆ ಅವರೇ ಮಾತು ತೆಗೆದರು. 'ಸರ್, ಇಕಿಗೆ ವಕೀಲಿಕಿ ಓದಬೇಕಂತ. ಬೆಂಗಳೂರಾಗ ದೊಡ್ಡ ಲಾ ಸ್ಕೂಲ್ ಐತಂತಲ್ರಿ, ಅದಕ್ಕ ಅರ್ಜಿ ಯಾವಾಗ ಹಾಕ್ಬೇಕ್ರಿ?'

ಆ ಲಾ ಸ್ಕೂಲಿಗೆ ಸೇರಲು ಕ್ಲಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆ 2023ರ ಡಿಸೆಂಬರ್ 3ಕ್ಕೇ ಮುಗಿದಿತ್ತು. ಅರ್ಜಿಯ ಗಡುವು ನವೆಂಬರ್‌ನಲ್ಲೇ ದಾಟಿತ್ತು. ನಾನೂ ಅದನ್ನು ಅವತ್ತೇ, ಅವರ ಎದುರಿಗೇ ಮೊಬೈಲ್‌ನಲ್ಲಿ ಹುಡುಕಿ ತಿಳಿದುಕೊಂಡೆ. ಹನ್ನೊಂದು ವರ್ಷದಿಂದ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ, ಮೂಲಭೂತ ಹಕ್ಕುಗಳನ್ನು ಬಾಯಿಪಾಠ ಮಾಡಿಸುತ್ತೇನೆ, ನನಗೇ ಗೊತ್ತಿರಲಿಲ್ಲ. ಹುಡುಗಿ ಏನೂ ಮಾತಾಡಲಿಲ್ಲ. ಪೇಡೆ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಾ ಕೂತಿದ್ದಳು. ಈಗ ಅವಳು ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದಾಳೆ, ಚೆನ್ನಾಗಿಯೇ ಓದುತ್ತಿದ್ದಾಳೆ. ಆದರೆ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿಗೆ ಪ್ರಯತ್ನ ಪಡುವ ಅವಕಾಶವೇ ಅವಳಿಗೆ ಸಿಗಲಿಲ್ಲ. ಬರೆದು ಸೋತಿದ್ದರೆ ಮಾತು ಬೇರೆ.

ನಮ್ಮ ಕಡೆ ಮಕ್ಕಳು ಮತ್ತು ತಂದೆತಾಯಿ ಮುಂದೇನು ಅಂತ ಯೋಚಿಸುವುದೇ ಪಿಯು ಪರೀಕ್ಷೆ ಹತ್ತಿರ ಬಂದಾಗ. ಸಿಇಟಿ, ನೀಟ್ ಎಲ್ಲ ಅದೇ ಹೊತ್ತಿಗೆ ಬರುತ್ತವೆ, ಹಾಗಾಗಿ ಅದೇ ರೂಢಿಯಾಗಿದೆ. ಕ್ಲಾಟ್ ಕೂಡ ಮೊದಲು ಹೆಚ್ಚುಕಡಿಮೆ ಹಾಗೇ ಇತ್ತು. 2008ರ ಮೇ ತಿಂಗಳಲ್ಲಿ ಮೊದಲ ಪರೀಕ್ಷೆ ನಡೆಯಿತು, 2019ರಲ್ಲೂ ಮೇ 26ಕ್ಕೆ ನಡೆಯಿತು. ಕೊರೊನಾ ಬಂದು ದಿನಾಂಕಗಳೆಲ್ಲ ಹಿಂದೆ ಮುಂದೆ ಆದವು. ಆಮೇಲೆ 2022ರಲ್ಲಿ ಒಂದೇ ವರ್ಷ ಎರಡು ಸಲ ನಡೆಯಿತು: ಜೂನ್ 19ಕ್ಕೆ ಒಂದು, ಮುಂದಿನ ವರ್ಷದ ಪ್ರವೇಶಕ್ಕೆ ಅಂತ ಡಿಸೆಂಬರ್ 18ಕ್ಕೆ ಇನ್ನೊಂದು. ಅಲ್ಲಿಂದ ಡಿಸೆಂಬರೇ ಗಟ್ಟಿಯಾಯಿತು. 2023, 2024, 2025 ಮೂರೂ ವರ್ಷ ಡಿಸೆಂಬರ್‌ನ ಮೊದಲ ಭಾನುವಾರವೇ ಪರೀಕ್ಷೆ. ಅರ್ಜಿ ಶುರುವಾಗುವುದು ಜುಲೈ–ಆಗಸ್ಟ್‌ನಲ್ಲಿ. ಆಗ ನಮ್ಮ ಮಕ್ಕಳು ದ್ವಿತೀಯ ಪಿಯು ಪುಸ್ತಕಕ್ಕೆ ಇನ್ನೂ ಬೈಂಡ್ ಹಾಕಿಸುತ್ತಿರುತ್ತಾರೆ. ಬೆಂಗಳೂರಿನ ದೊಡ್ಡ ಶಾಲೆಯ ಮಗು ಹತ್ತು ಮುಗಿಯುತ್ತಿದ್ದಂತೆ ಇದಕ್ಕೆ ಕೋಚಿಂಗ್ ಸೇರಿರುತ್ತದೆ, ಅವರ ಮನೆಯಲ್ಲಿ ಈ ದಿನಾಂಕ ಎಲ್ಲರಿಗೂ ಗೊತ್ತು.

ಅಷ್ಟರ ಮೇಲೆ ಇನ್ನೊಂದು ವಿಷಯ, ಇದು ನನಗೆ ತುಂಬಾ ನೋವು ಕೊಡುತ್ತದೆ. ಆ ನ್ಯಾಷನಲ್ ಲಾ ಸ್ಕೂಲ್ ವಿಶ್ವವಿದ್ಯಾಲಯದಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೇ ಅಂತ ನೂರಕ್ಕೆ 25 ಸೀಟು ಇದೆ. 2020ರಲ್ಲಿ ನಮ್ಮ ಸರ್ಕಾರ ಕಾಯ್ದೆ ತಿದ್ದಿ ಇದನ್ನು ತಂದಿತು, ಅದೇ ವರ್ಷ ಹೈಕೋರ್ಟ್ ರದ್ದು ಮಾಡಿತು. ಆಮೇಲೆ 2021ರಲ್ಲಿ ವಿಶ್ವವಿದ್ಯಾಲಯವೇ ತನ್ನ ಯೋಜನೆಯಲ್ಲಿ ಸೇರಿಸಿಕೊಂಡಿತು. ರಾಜ್ಯದಲ್ಲಿ 10 ವರ್ಷ ಓದಿದ್ದರೆ ಸಾಕು. ಅಂದರೆ ನಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದ ಪ್ರತಿ ಮಗುವಿಗೂ ಇದು ಅನ್ವಯಿಸುತ್ತದೆ. ಸೀಟಿಗಾಗಿ ಅಷ್ಟೆಲ್ಲ ಹೋರಾಡಿದ ಮೇಲೆ, ಅರ್ಜಿ ಯಾವಾಗ ಅನ್ನೋದನ್ನು ಆ ಮಕ್ಕಳಿಗೆ ಹೇಳುವವರು ಬೇಕಲ್ವಾ?

ಮುಂದಿನ ವರ್ಷ ಆಸಕ್ತಿ ಇದ್ದ ಮೂವರನ್ನು ಕರೆದುಕೊಂಡು ನಾನೇ ತಾಲ್ಲೂಕಿನ ಸೈಬರ್ ಸೆಂಟರ್‌ಗೆ ಹೋದೆ. ಅಂಗಡಿಯ ಹುಡುಗ ಸಿಇಟಿ ಅರ್ಜಿ ಕಣ್ಣುಮುಚ್ಚಿ ತುಂಬುವವನು, ಇದನ್ನು ನೋಡಿದ್ದೇ ಮೊದಲ ಸಲ. ಕರ್ನಾಟಕದ ವಿದ್ಯಾರ್ಥಿ ಅನ್ನುವುದನ್ನು ಅರ್ಜಿಯಲ್ಲೇ ಹೇಳಿಕೊಳ್ಳಬೇಕು. ಅವನು ಅದನ್ನು ಬಿಟ್ಟು ಮುಂದಿನ ಪುಟಕ್ಕೆ ಹೋಗಿಬಿಟ್ಟಿದ್ದ, ನಾನು ಪಕ್ಕದಲ್ಲಿ ನಿಂತಿದ್ದಕ್ಕೆ ವಾಪಸ್ ಬಂದು ಟಿಕ್ ಹಾಕಿಸಿದೆ. ಶುಲ್ಕ 4000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡ ಮತ್ತು ಬಿಪಿಎಲ್‌ನವರಿಗೆ 3500. ಎರಡು ಕ್ವಿಂಟಲ್ ಗೋವಿನಜೋಳದ ದುಡ್ಡು ಅದು, ಬರೀ ಪರೀಕ್ಷೆಗೆ ಕೂರುವುದಕ್ಕೆ. ಒಬ್ಬ ಹುಡುಗ ಅಲ್ಲಿಂದಲೇ ವಾಪಸ್ ಹೋದ. ನಾಳೆ ಬರ್ತೀನಿ ಅಂದವನು ಬರಲಿಲ್ಲ.

ಉಳಿದ ಇಬ್ಬರಿಗೆ ಸಂಜೆ ಹೊತ್ತು ಹಳೇ ಪ್ರಶ್ನೆಪತ್ರಿಕೆ ಬಿಡಿಸಿದೆ. ಎರಡು ಗಂಟೆ, 120 ಪ್ರಶ್ನೆ, ತಪ್ಪಾದರೆ ಕಾಲು ಅಂಕ ಹೋಗುತ್ತದೆ. ಎಲ್ಲವೂ ಇಂಗ್ಲಿಷ್‌ನಲ್ಲಿ, ಅದೂ ಉದ್ದುದ್ದ ಪ್ಯಾರಾ ಓದಿ ಉತ್ತರ ಹುಡುಕಬೇಕು. ಒಂದು ದಿನ ಕರಾರಿನ ಬಗ್ಗೆ ಒಂದು ಪ್ಯಾರಾ ಕೊಟ್ಟೆ. ಹುಡುಗಿ ಬೆರಳಿಟ್ಟು ಓದುತ್ತಾ ಓದುತ್ತಾ ನಾಲ್ಕನೇ ಸಾಲಿಗೆ ನಿಂತಳು. ನಾನು ಪುಸ್ತಕ ಮುಚ್ಚಿ ಕನ್ನಡದಲ್ಲಿ ಕೇಳಿದೆ, 'ಹದಿನಾರು ವರ್ಷದ ಹುಡುಗ ಮನೆಯ ಹಸುವನ್ನು ನಿನಗೆ ಮಾರ್ತೀನಿ ಅಂತ ಬರೆದುಕೊಟ್ಟರೆ ಅದು ನಡೀತದಾ?' ತಕ್ಷಣ ಹೇಳಿದಳು, 'ಇಲ್ರಿ ಸರ್, ಅವ ಇನ್ನೂ ಸಣ್ಣಾವ, ಅವನ ಸಹಿಗೆ ಬೆಲಿ ಇಲ್ಲ. ಅವರಪ್ಪ ಬಂದು ಹಸು ಹೊಡಕೊಂಡು ಹೋಗ್ತಾನ.' ಕಾನೂನು ಹೇಳುವುದೂ ಅದನ್ನೇ, ಅಂಥ ಕರಾರು ಊರ್ಜಿತವಲ್ಲ. ಆ ಮಗುವಿಗೆ ಕಾನೂನಿನ ತಲೆ ಇದೆ, ಇಂಗ್ಲಿಷ್ ಓದುವ ವೇಗ ಇಲ್ಲ ಅಷ್ಟೇ. ಅವಳಿಗೆ ಸೀಟು ಬರಲಿಲ್ಲ.

ಜೆಇಇ ಮೇನ್ 2021ರಿಂದ ಕನ್ನಡದಲ್ಲಿದೆ, ನೀಟ್ ಕನ್ನಡದಲ್ಲಿದೆ. ಕಾನೂನು ಪದವಿ ಮುಗಿಸಿದವರು ವಕೀಲರಾಗಲು ಬರೆಯುವ ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಕ್ಲಾಟ್ ಮಾತ್ರ ಯಾಕಾಗಬಾರದು? 2023ರಲ್ಲಿ ದೆಹಲಿ ಹೈಕೋರ್ಟ್‌ಗೆ ಇದೇ ಕೋರಿಕೆಯ ಅರ್ಜಿ ಹೋಗಿತ್ತು. ಒಳಗೆ ಹೋದ ಮೇಲೆ ಪಾಠ ಇಂಗ್ಲಿಷ್‌ನಲ್ಲೇ ಇರುತ್ತದೆ ಅಂತ ವಾದ ಮಾಡುವವರಿದ್ದಾರೆ. ಆ ಮಾತು ಸುಳ್ಳಲ್ಲ. ಆದರೆ ಹದಿನೇಳು ವರ್ಷದ ಮಗುವಿಗೆ ಐದು ವರ್ಷ ಸಿಕ್ಕರೆ ಇಂಗ್ಲಿಷ್ ಕಲಿಯುತ್ತದೆ, ನಾನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ. ಮುಂದೆ ಅದೇ ಮಗು ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಕಕ್ಷಿದಾರನ ಜೊತೆ ಮಾತಾಡಬೇಕಾದದ್ದು ಕನ್ನಡದಲ್ಲೇ.

ಭಾಷೆಯ ವಿಷಯ ತೀರ್ಮಾನ ಆಗಲು ಎಷ್ಟು ವರ್ಷ ಬೇಕೋ. ದಿನಾಂಕ ತಿಳಿಸಲು ಯಾವ ಕೋರ್ಟಿಗೂ ಹೋಗಬೇಕಿಲ್ಲ. ಪಿಯು ಇಲಾಖೆ ಪ್ರತಿ ಜುಲೈನಲ್ಲಿ ಎಲ್ಲ ಕಾಲೇಜಿಗೂ ಒಂದು ಸುತ್ತೋಲೆ ಕಳಿಸಲಿ, ಅದರಲ್ಲಿ 25ರ ಮೀಸಲು ವಿಷಯ ದಪ್ಪ ಅಕ್ಷರದಲ್ಲಿರಲಿ. ಬಡ ಮಕ್ಕಳ ಶುಲ್ಕವನ್ನು ಸಮಾಜ ಕಲ್ಯಾಣ ಇಲಾಖೆ ಕಟ್ಟಬಹುದು. ಆ ಲಾ ಸ್ಕೂಲಿನಲ್ಲೇ ಓದಿದ್ದ ಪ್ರೊಫೆಸರ್ ಶಮ್ನಾದ್ ಬಶೀರ್ 2010ರಲ್ಲಿ ಐಡಿಯಾ ಅನ್ನುವ ಸಂಸ್ಥೆ ಕಟ್ಟಿ, ಬಡ ಮಕ್ಕಳನ್ನು ಹುಡುಕಿ ಇದೇ ಪರೀಕ್ಷೆಗೆ ತಯಾರು ಮಾಡಿಸಿದರು. ಒಬ್ಬ ಮನುಷ್ಯ ಶುರು ಮಾಡಿದ ಕೆಲಸ ಅದು. ಒಂದು ಇಲಾಖೆಯ ಕೈಲಿ ಇದರಲ್ಲಿ ಕಾಲು ಭಾಗವಾದರೂ ಆಗುತ್ತದೆ.

ನಿಮ್ಮಲ್ಲೂ ಒಂದು ಕೋರಿಕೆ. ನಿಮ್ಮ ಶಿಕ್ಷಣ ಪುಟದಲ್ಲಿ ಸಿಇಟಿ ಬಗ್ಗೆ ವಾರಗಟ್ಟಲೆ ಬರುತ್ತದೆ, ನಮ್ಮ ಮಕ್ಕಳು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಕ್ಲಾಟ್ ಅರ್ಜಿ ಶುರುವಾದ ವಾರ ಅದೇ ಪುಟದಲ್ಲಿ ಇದಕ್ಕೂ ಜಾಗ ಕೊಡಿ. ಯಾರು ಬರೆಯಬಹುದು, ಎಲ್ಲಿ ಟಿಕ್ ಹಾಕಬೇಕು, ಯಾವ ಪ್ರಮಾಣಪತ್ರ ಬೇಕು, ಇಷ್ಟು ಸಾಕು. ಹೋದ ಸಲ ನಾನು ಕೈಯಲ್ಲೇ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದ್ದೆ. ಈ ಸಲ ನಿಮ್ಮ ಪತ್ರಿಕೆಯ ಕಟಿಂಗ್ ಅಂಟಿಸುವ ಆಸೆ ಇದೆ.

— ಒಬ್ಬ ಪಿಯು ಉಪನ್ಯಾಸಕ, ಹಾವೇರಿ ಜಿಲ್ಲೆ